ಹಿತ್ತಲದ ಹೆಗ್ಗಣ, ಏರ್ ಗನ್ನು: ಕೆಲಸ ಎಲ್ಲಿಗೆ ಬಂತು

ನಮ್ಮ ಬನಹಟ್ಟಿ ಕಡೆ ಮಗ್ಗ ಇದ್ದ ಮನಿ ಅಂದ್ಮ್ಯಾಲ ಇಲಿ ಕಾಟ ಇದ್ದದ್ದ. ನೂಲಿಗೆ ಹಚ್ಚಿದ ಗಂಜಿ ವಾಸನಿಗೆ ಬರ್ತಾವು, ಬೀಮಿಗೆ ಸುತ್ತಿದ ಹಾಸು ಕಡದು ಹಾಕ್ತಾವು, ಒಂದೊಂದ ಎಳಿ ಹುಡುಕಿ ಗಂಟು ಹಾಕೂದ್ರಾಗ ನೇಯುವವರ ಅರ್ಧ ದಿನ ಹೋಗ್ತೈತಿ. ಹಿತ್ತಲದಾಗ ಅದಕ್ಕಿಂತ ದೊಡ್ಡ ಹೆಗ್ಗಣ ಅದಾವು, ಕೋಳಿಗೂಡಿನ ಬುಡಕ್ಕ ಬಿಲ ತೋಡಿ ಬುಟ್ಟಿಗಟ್ಲೆ ಮಣ್ಣು ಹೊರಗ ಹಾಕಿದ್ವು. ಆ ಹೆಗ್ಗಣಕ್ಕ ನಾ ವಿಷ ಬಿಟ್ಟು ಏರ್ ಗನ್ನು ಹಿಡದೀನಿ.

ವಿಷ ಯಾಕ ಬ್ಯಾಡ ಅಂದೆ ಅಂದ್ರ, ಬ್ರೋಮಾಡಿಯೋಲೋನ್ ಅನ್ನೂ ಇಲಿ ವಿಷ ತಿಂದ ಇಲಿ ತಕ್ಷಣ ಸಾಯಂಗಿಲ್ಲ, ರಕ್ತ ಹೆಪ್ಪುಗಟ್ಟದಂಗಾಗಿ ಕೆಲವು ದಿನ ಆದ್ಮ್ಯಾಲ ಸಾಯ್ತೈತಿ, ಅಷ್ಟರಾಗ ತಡವರಿಸಿಕೋತ ತಿರಗಾಡೂ ಇಲೀನ ನಮ್ಮ ಬೆಕ್ಕರ ಹಿಡೀತೈತಿ ಇಲ್ಲಾ ಬೇವಿನ ಗಿಡಕ್ಕ ಬರೂ ಗೂಗಿಯರ ಹಿಡೀತೈತಿ, ವಿಷ ಅವುಗಳ ಹೊಟ್ಟಿಗೂ ಹೋಗ್ತೈತಿ. ಜಿಂಕ್ ಫಾಸ್ಫೈಡ್ ಅನ್ನೂ ಇನ್ನೊಂದ ವಿಷ ಸ್ವಲ್ಪ ತಿಂದು ಬದುಕಿದ್ದು ಮತ್ತ ಆ ತಿಂಡಿ ಮುಟ್ಟಂಗಿಲ್ಲ. ಬೋನು ಈಗೂ ಇಡ್ತೀನಿ, ಸಣ್ಣ ಇಲಿ ಬೀಳ್ತಾವು, ಹಳೇ ಹೆಗ್ಗಣ ಹೊಸಾ ಸಾಮಾನು ಕಂಡ್ರ ದೂರನ ಇರ್ತೈತಿ.

ಇನ್ನ ಗನ್ನು ಆರಿಸಿದ್ದು. ಎಲ್ಲಾರೂ ಮೊದಲ ಕೇಳೂದು ಎಷ್ಟು ಪವರ್ ಅಂತ. ಆರ್ಮ್ಸ್ ರೂಲ್ಸ್ 2016ರ ಪ್ರಕಾರ 4.5 ಎಂಎಂ ಅಂದ್ರ .177 ಇಂಚು ಬೋರಿನ (ನಳಿಗಿ ತೂತಿನ ಅಳತಿ), 20 ಜೂಲ್ (ಗುಂಡು ಹೊಂಟಾಗಿನ ಶಕ್ತಿಯ ಅಳತಿ) ಒಳಗಿನ ಏರ್ ಗನ್ನಿಗೆ ಲೈಸೆನ್ಸ್ ಬೇಕಾಗಿಲ್ಲ, ಅದರ ಮ್ಯಾಲ ಹ್ವಾದ್ರ ಬೇಕು. ಅದಕ್ಕ ಜನ 20ರ ಹತ್ರಹತ್ರ ಇರೂದನ್ನ ಹುಡುಕ್ತಾರ. ನಾ ಬ್ಯಾಡ ಅಂತೀನಿ ನೋಡ್ರಿ. ಹಿತ್ತಲದಾಗ ಹೊಡಿಯೂ ದೂರ 10-15 ಮೀಟರ್, ಅಷ್ಟರಾಗ ಹೆಗ್ಗಣದ ತಲಿಗೆ ಬಿದ್ರ 9-10 ಜೂಲ್ ಧಾರಾಳ ಸಾಕು. 8 ಗ್ರೇನಿನ ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ಅಂದ್ರ ಹೆಚ್ಚುಕಮ್ಮಿ ಅರ್ಧ ಗ್ರಾಮ್, ಅದು ಸೆಕೆಂಡಿಗೆ 190 ಮೀಟರ್ ವೇಗದಾಗ ಹೊಂಟ್ರ ಅಷ್ಟ ಜೂಲ್ ಆಕ್ಕೈತಿ. ಒಲಿಂಪಿಕ್ಕಿನ 10 ಮೀಟರ್ ರೈಫಲ್ ಅಂತೂ ಇದಕ್ಕಿಂತ ಕಮ್ಮಿ ಇರ್ತೈತಿ. ಪವರ್ ಜಾಸ್ತಿ ಆದಷ್ಟೂ ಸ್ಪ್ರಿಂಗ್ ಬಿರುಸು, ಒದಿಯೂದು ಜಾಸ್ತಿ, ಸಪ್ಪಳ ಜಾಸ್ತಿ, ಗುರಿ ಹಿಡಿಯೂದು ಕಷ್ಟ, ಮತ್ತ ತಪ್ಪಿದ ಪೆಲೆಟ್ ದೂರ ಹೋಗೂದಂತೂ ಇದ್ದದ್ದ.

ಸಿಓಟು ಅಂದ್ರ ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ ಗನ್ನು ನಮ್ಮ ಕಡೆ ಸರಿಹೊಂದಂಗಿಲ್ಲ, ಆ ಗ್ಯಾಸಿನ ಒತ್ತಡ ಬಿಸಿಲು-ಥಂಡಿ ಮ್ಯಾಲ ಏರಿಳಿತ ಆಕ್ಕೈತಿ, ಗುಂಡು ಬ್ಯಾಸಗಿಯಾಗೊಂದ ಕಡೆ ಬಿದ್ರ ಚಳಿಗಾಲದಾಗ ಇನ್ನೊಂದ ಕಡೆ. ಪಿಸಿಪಿ ಅಂದ್ರ ಮೊದಲ ಗಾಳಿ ತುಂಬಿಸಿಟ್ಟುಕೊಳ್ಳೂದು, ಒದಿಯಂಗಿಲ್ಲ, ಭಾಳ ಛಲೋ ಹೊಡೀತೈತಿ, ಆದ್ರ 200 ಬಾರ್ ಒತ್ತಡದ ತನಕ ಪಂಪ್ ಹೊಡೀಬೇಕು, ಸೀಲು, ಪಂಪು ಅಂತ ಖರ್ಚು ಮುಗಿಯಂಗಿಲ್ಲ. ನಾ ತೊಗೊಂಡಿದ್ದು ಬ್ಯಾರಲ್ ಮಡಚಿ ಏರಿಸೂ ಸಾದಾ ಸ್ಪ್ರಿಂಗ್ ಗನ್ನು. ಜಾತ್ರ್ಯಾಗ ಬಲೂನು ಹೊಡಿಯೂ ಬಂದೂಕು ಹಿಡಿದವರಿಗೆ ಮಡಚೂದು ಗೊತ್ತ ಇರ್ತೈತಿ, ಆದ್ರ ಒಂದ ಮಾತು, ಪೆಲೆಟ್ ಹಾಕೂವಾಗ ಇನ್ನೊಂದ ಕೈಲಿ ಬ್ಯಾರಲ್ ಗಟ್ಟಿ ಹಿಡದಿರಬೇಕು, ಕೊಕ್ಕಿ ಜಾರಿದ್ರ ಬೆರಳ ಹೋಗ್ತಾವು. ಪೆಲೆಟ್ ಇಲ್ದ ಖಾಲಿ ಹೊಡೀಬಾರ್ದು, ಪಿಸ್ಟನ್ ಹೋಗಿ ಬಡದು ಹಾಳಾಕ್ಕೈತಿ.

ಗನ್ನು ಬಂದ್ರೂ ಮೊದಲ ಹೆಗ್ಗಣಕ್ಕ ಹಿಡೀಲಿಲ್ಲ, ಒಡ್ಡು ಕಟ್ಟಿದ್ನಿ. ನನ್ನ ಪ್ರಕಾರ ಇಡೀ ಕೆಲಸದಾಗ ದೊಡ್ಡದು ಇದ. ಹಿತ್ತಲದ ಒಂದ ಕಡೆ ಕಲ್ಲಿನ ಗ್ವಾಡಿ, ಅದಕ್ಕ ಬಡದ್ರ ಪೆಲೆಟ್ ಹೊಳ್ಳಿ ಕಣ್ಣಿಗೇ ಬರಬಹುದು, ಇನ್ನೊಂದ ಕಡೆ ಪತ್ರಾ, ಅದರಾಚೆ ಮಂದಿ ಓಡಾಡೂ ಓಣಿ. ಅದಕ್ಕ ಕಲ್ಲು ಆರಿಸಿ ತಗದ ಎರಿ ಮಣ್ಣು ಸಿಮೆಂಟ್ ಚೀಲದಾಗ ತುಂಬಿ ಎದಿಮಟ ಒಟ್ಟಿ, ಮುಂದ ಹಳೇ ಕೌದಿ ಜೋತುಬಿಟ್ಟೀನಿ. ಕುಂಡ್ರೂ ಜಾಗ ಕಟ್ಟಿ ಮ್ಯಾಲ, ಅಂದ್ರ ಗುರಿ ಯಾವಾಗ್ಲೂ ಕೆಳಮಕ ಆಗಿ ಮಣ್ಣಿಗೇ ಹೋಗ್ತೈತಿ. ಮಗ್ಗದ ಶೆಡ್ಡಿನಾಗ ಅಂತೂ ಎಂದೂ ಹೊಡಿಯಂಗಿಲ್ಲ, ಒಳಗೆಲ್ಲಾ ಕಬ್ಬಿಣ. ಗಿಡದ ಮ್ಯಾಲಿಂದು, ಗ್ವಾಡಿ ಮ್ಯಾಲಿಂದು ಹೊಡಿಯೂದು ಬಂದ್, ಮ್ಯಾಲಕ ಬಿಟ್ಟ ಪೆಲೆಟ್ ನೂರಾರು ಮೀಟರ್ ಹೋಗ್ತೈತಿ, ಎಲ್ಲಿ ಬೀಳ್ತೈತಿ ಯಾರಿಗ್ಗೊತ್ತು.

ಕಟ್ಟಿಯಿಂದ ತಿಂಡಿ ಇಡೂ ಇಟ್ಟಂಗಿ ತನಕ ಟೇಪ್ ಹಿಡದು 12 ಮೀಟರ್ ಅಳದು ಅಲ್ಲಿಗೇ ಸ್ಕೋಪ್ (ಗುರಿ ನೋಡೂ ದುರ್ಬೀನು) ಕೂಡಿಸೀನಿ. ಸ್ಕೋಪ್ ಬ್ಯಾರಲ್ಲಿಗಿಂತ ನಾಲ್ಕೂವರಿ ಸೆಂಟಿಮೀಟರ್ ಮ್ಯಾಲ ಇರ್ತೈತಿ, ಅದಕ್ಕ 12ಕ್ಕ ಕೂಡಿಸಿದ್ದು 6 ಮೀಟರಿನಾಗ ಹೆಚ್ಚುಕಮ್ಮಿ 2 ಸೆಂಟಿಮೀಟರ್ ಕೆಳಗ ಬೀಳ್ತೈತಿ, ಅಂದ್ರ ತಲಿ ತಪ್ಪಿ ದವಡಿಗೆ. ಹಂಗಾಗಿ ಸನೇ ಬಂದ ಹೆಗ್ಗಣಕ್ಕ ನಾ ಹೊಡಿಯಂಗಿಲ್ಲ, ಅದು ಇಟ್ಟಂಗಿ ಹತ್ರ ಹೋಗೂತನಕ ಕಾಯ್ತೀನಿ. ಸ್ಪ್ರಿಂಗ್ ಗನ್ನು ಹಿಂದಕೂ ಮುಂದಕೂ ಎರಡೂ ಕಡೆ ಒದೀತೈತಿ, ಅದಕ್ಕಂತ ಮಾಡಿದ ಸ್ಕೋಪ್ ಇರಬೇಕು, ಮತ್ತ ಬಿಗಿ ಹಿಡೀಬಾರ್ದು, ಎಡಗೈ ಅಂಗೈ ಮ್ಯಾಲ ಹಗೂರಕ ಇಟ್ಟು ಅದು ಒದ್ದಂಗ ಬಿಡಬೇಕು. ಚೂಪು ತುದಿ ಪೆಲೆಟ್ ನನ್ನ ಗನ್ನಿನಾಗ ಚೆಲ್ಲಾಡಿದ್ವು, ದುಂಡು ತಲಿಯವು ಪರವಾಗಿಲ್ಲ, ಚಪ್ಪಟಿ ತಲಿಯವು 12 ಮೀಟರಿನಾಗ ಒಂದರ ಮಗ್ಗಲಕ ಒಂದ ಬಿದ್ವು, ಅವನ್ನ ಇಟ್ಕೊಂಡೀನಿ. ಸೀಸದ್ದು ಅವು, ಮುಟ್ಟಿದ್ಮ್ಯಾಲ ಕೈ ತೊಳಕೋರಿ.

ತಿಂಡಿಗೆ ಇಡೀ ಶೇಂಗಾ ಇಟ್ರ ಎತಗೊಂಡು ಓಡ್ತಾವು. ಶೇಂಗಾ ಬೆಲ್ಲ ಕುಟ್ಟಿ ಇಟ್ಟಂಗಿ ತೂತಿನಾಗ ಒತ್ತಿದ್ರ ನೆಕ್ಕಿಕೋತ ಒಂದ ಜಾಗಾದಾಗ ನಿಲ್ತಾವು, ಹೊಡಿಯೂದು ಆವಾಗ. ಮ್ಯಾಲ ಒಂದ ಕೆಂಪು ಬಲ್ಬು ರಾತ್ರಿಯೆಲ್ಲಾ ಉರೀತೈತಿ, ಕೆಂಪು ಬೆಳಕು ಇಲಿ ಕಣ್ಣಿಗೆ ಅಷ್ಟ ಕಾಣಂಗಿಲ್ಲ, ಹೊಂದಿಕೊಂಡಾವು. ತಲಿ ಸ್ವಚ್ಛ ಕಾಣ್ಲಿಲ್ಲ ಅಂದ್ರ ಬಿಡ್ತೀನಿ, ಹೊಟ್ಟಿಗೆ ಬಿದ್ದು ಬಿಲದಾಗ ನರಳಿ ಸಾಯೂದು ಯಾವ ಜೀವಕ್ಕೂ ಬ್ಯಾಡ. ಸತ್ತದ್ದನ್ನ ಬರಿಗೈಲಿ ಮುಟ್ಟಂಗಿಲ್ಲ, ಇಲಿಜ್ವರದ ಭಯ, ಇಕ್ಕಳದಿಂದ ಎತ್ತಿ ಆಳಕ ಹುಗೀತೀನಿ, ಒಳಗ ಸೀಸ ಇರ್ತೈತಿ, ನಾಯಿ ಬೆಕ್ಕಿಗೆ ಸಿಗಬಾರ್ದು.

ಮಗ್ಗಲ ಮನಿ ಕಾಕಾ ಬಂದು "ತಮ್ಮಾ, ಆ ಪಾರಿವಾಳಕ್ಕೂ ಒಂದ್ ಹೊಡೀಲಾ, ಮಾಳಿಗಿ ಎಲ್ಲಾ ಹೊಲಸ ಮಾಡ್ಯಾವು" ಅಂದ್ರು. "ಇಲ್ರಿ ಕಾಕಾ, ಬಲಿ ಕಟ್ಟಿ ಕೊಡ್ತೀನಿ" ಅಂದ್ನಿ, ಕಟ್ಟೀ ಕೊಟ್ನಿ. ಹಕ್ಕಿ, ಅಳಿಲು, ಮುಂಗಲಿ ಯಾವುದಕ್ಕೂ ಈ ಗನ್ನು ಎತ್ತಂಗಿಲ್ಲ. ಹೊಲದಾಗ ನವಿಲು ಹಾಳ ಮಾಡ್ತಾವು ಅಂತ ಕೇಳೂವರೂ ಅದಾರ, 1972ರ ವನ್ಯಜೀವಿ ಕಾಯ್ದೆಯಾಗ ನವಿಲು ಮೊದಲನೇ ಶೆಡ್ಯೂಲಿನಾಗೈತಿ, ಜೇಲಿನ ಮಾತು. ಇನ್ನ ಗಣೇಶ ಚೌತಿ ಮರುದಿನ ನಮ್ಮಲ್ಲೆ ಇಲಿವಾರ, ಮಗ್ಗದ ಮುಂದ ಇಲಿಗೆ ಎಡಿ ಹಿಡೀತೀವಿ. ಅವತ್ತು ಗನ್ನು ಟ್ರಂಕಿನಾಗ ಕೀಲಿ ಹಾಕಿ ಇರ್ತೈತಿ, ಅವ್ವ ಹೇಳಿದ್ದು, ನನಗೂ ಅದ ಸರಿ ಅನಸ್ತೈತಿ.

ಸದ್ಯಕ್ಕ ಕೋಳಿಗೂಡಿನ ಕಡಿ ಹೊಸಾ ಮಣ್ಣು ಬೀಳೂದು ನಿಂತೈತಿ, ಗಟಾರದ ಬಾಜೂಕ ಇನ್ನೂ ಎರಡು ಬಿಲ ಜೀವಂತ ಅದಾವು. ಆದ್ರ ಗನ್ನಿನಿಂದ ಇಲಿ ತೀರ್ತಾವು ಅನ್ನೂದು ಸುಳ್ಳು, ಮೂರು ವಾರಕ್ಕ ಮರಿ ಹಾಕೂ ಜಾತಿ ಅದು. ಶೆಡ್ಡಿನ ಬಾಗಲಾ ಕೆಳಗ ಪತ್ರಾ ಹೊಡದು, ತೂತಿಗೆ ಗಾಜಿನ ಚೂರು ಸಿಮೆಂಟ್ ಕಲಸಿ ತುಂಬಿದ್ಮ್ಯಾಲನ ಹಾಸು ಕಡಿಯೂದು ಕಮ್ಮಿ ಆಗಿದ್ದು. ಮಳಿಗಾಲ ಸುರು ಆಗೂದ್ರಾಗ ಗಟಾರದ ಬಾಯಿಗೆ ಜಾಳಗಿ ಕೂಡಿಸಬೇಕು, ಒಡ್ಡಿನ ಚೀಲ ಬಿಸಿಲಿಗೆ ಹರದಾವು, ಅವನ್ನೂ ಬದಲಿಸಬೇಕು.