ತಂಗಿಯ ಮಗನ ಕಣ್ಣು ಮತ್ತು ತಟ್ಟೆಯಲ್ಲಿ ಬೆಳೆಯುವ ಗಡ್ಡೆ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ತಂಗಿಯ ಮಗನ ಮೊದಲ ಹುಟ್ಟುಹಬ್ಬದ ಫೋಟೊ ಇನ್ನೂ ಇದೆ. ಫ್ಲಾಶ್ ಬೆಳಕಿಗೆ ಅವನ ಬಲಗಣ್ಣಿನ ಪಾಪೆ ಕೆಂಪಾಗಿಯೂ ಎಡಗಣ್ಣಿನದು ಬೆಕ್ಕಿನ ಕಣ್ಣಿನಂತೆ ಬೆಳ್ಳಗೂ ಹೊಳೆದಿದೆ. ಕ್ಯಾಮೆರಾದ ದೋಷವೆಂದು ನಾವು ಸುಮ್ಮನಾದೆವು. ಮೊದಲು ನೋಡಿದ ವೈದ್ಯರೂ ಮೆಳ್ಳೆಗಣ್ಣು, ಬೆಳೆಯುತ್ತ ಸರಿಹೋಗುತ್ತದೆ ಎಂದು ಕಳುಹಿಸಿದರು. ನಾಲ್ಕು ತಿಂಗಳ ಮೇಲೆ ಬೆಂಗಳೂರಿನಲ್ಲಿ ಅದು ರೆಟಿನೋಬ್ಲಾಸ್ಟೋಮಾ, ಅಂದರೆ ಅಕ್ಷಿಪಟಲದ ಕ್ಯಾನ್ಸರ್, ಎಂದು ತಿಳಿಯುವಷ್ಟರಲ್ಲಿ ಕಣ್ಣು ತೆಗೆಯದೆ ಬೇರೆ ದಾರಿ ಉಳಿದಿರಲಿಲ್ಲ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಇನ್ನೊಂದು ಒಪ್ಪಿಗೆ ಪತ್ರ ಬಂತು: ಗಡ್ಡೆಯ ಚೂರೊಂದನ್ನು ಸಂಶೋಧನೆಗೆ ಕೊಡಬಹುದೇ ಎಂದು. ತಂಗಿ ಓದಲಾರದೆ ಎದ್ದುಹೋದಳು. ಭಾವ ಸಹಿ ಹಾಕಿದರು. ಆ ಚೂರಿನ ಗತಿಯೇನೆಂದು ತಿಳಿಯಲು ನಾನು ಓದತೊಡಗಿದೆ.

ಬೇರೆ ಹಲವು ಗಡ್ಡೆಗಳಿಗೆ ಸೂಜಿ ಚುಚ್ಚಿ ಮಾದರಿ ತೆಗೆಯುವಂತೆ ಇಲ್ಲಿ ತೆಗೆಯುವುದಿಲ್ಲ, ಏಕೆಂದರೆ ಸೂಜಿಯ ದಾರಿಯಲ್ಲಿಯೇ ಕ್ಯಾನ್ಸರ್ ಕೋಶಗಳು ಕಣ್ಣಿನಿಂದ ಹೊರಬೀಳಬಹುದು. ಪ್ರಯೋಗಾಲಯದ ಇಲಿಯೂ ಕೈಕೊಡುತ್ತದೆ: ಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುವ ಆರ್‌ಬಿ1 ಜೀನಿನ ಒಂದು ಪ್ರತಿ ಕೆಟ್ಟು ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಕಣ್ಣಿನ ಗಡ್ಡೆ ಬಂದರೆ, ಅದೇ ದೋಷವಿರುವ ಇಲಿಗೆ ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯಲ್ಲಿ ಬರುತ್ತದೆ. ಆದ್ದರಿಂದ ತೆಗೆದ ಕಣ್ಣಿನ ಚೂರಿಗೆ ಇಷ್ಟು ಬೆಲೆ. ಅದರ ಕೋಶಗಳನ್ನು ಬಿಡಿಸಿ, ಮೆದು ಲೋಳೆಯಲ್ಲಿ ಹುದುಗಿಸಿ, ಪೋಷಕ ದ್ರವ ಕೊಟ್ಟರೆ ಅವು ಮತ್ತೆ ಪುಟ್ಟ ಉಂಡೆಗಳಾಗಿ ಕೂಡಿಕೊಳ್ಳುತ್ತವೆ. ಇವೇ ಆರ್ಗನಾಯ್ಡ್‌ಗಳು. ಇನ್ನೊಂದು ದಾರಿ ಆಕರಕೋಶಗಳದು, ಅಂದರೆ ದೇಹದ ಬೇರೆಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳದು (ಸ್ಟೆಮ್ ಸೆಲ್). ಜಪಾನಿನ ಯೋಶಿಕಿ ಸಸಾಯಿ ಅವರ ತಂಡ 2011ರಲ್ಲಿ ಇಲಿಯ ಆಕರಕೋಶಗಳಿಂದ ಕಣ್ಣಿನ ಬಟ್ಟಲನ್ನೇ, ಅಂದರೆ ಭ್ರೂಣದಲ್ಲಿ ಅಕ್ಷಿಪಟಲವಾಗುವ ರಚನೆಯನ್ನೇ, ಬೆಳೆಸಿ ತೋರಿಸಿತ್ತು. ಈಗ ಮನುಷ್ಯರ ಆಕರಕೋಶಗಳಲ್ಲಿ ಆರ್‌ಬಿ1 ಜೀನನ್ನು ನಿಷ್ಕ್ರಿಯಗೊಳಿಸಿ ಅಕ್ಷಿಪಟಲ ಬೆಳೆಸಿದರೆ, ಗಡ್ಡೆಯ ಹುಟ್ಟನ್ನೇ ಕಾಣಬಹುದು.

ನನಗೆ ಬಹಳ ಮುಖ್ಯವೆನಿಸಿದ್ದು ಔಷಧದ ಪ್ರಮಾಣದ ಪ್ರಶ್ನೆ. ಕಣ್ಣಿಗೆ ನೇರವಾಗಿ ಕೊಡುವ ಮೆಲ್ಫಲಾನ್ ಎಂಬ ಕ್ಯಾನ್ಸರ್ ಔಷಧ ಗಡ್ಡೆಯನ್ನು ಕೊಲ್ಲುತ್ತದೆ, ಪ್ರಮಾಣ ಹೆಚ್ಚಿದರೆ ಅಕ್ಷಿಪಟಲವನ್ನೂ ಸುಡುತ್ತದೆ. ಗಡ್ಡೆಯ ಉಂಡೆಯನ್ನೂ ಆರೋಗ್ಯವಂತ ಅಕ್ಷಿಪಟಲದ ಉಂಡೆಯನ್ನೂ ಅಕ್ಕಪಕ್ಕದಲ್ಲಿಟ್ಟು ಒಂದೇ ಔಷಧ ಹಾಕಿದರೆ, ಒಂದು ಸಾಯುವಾಗ ಇನ್ನೊಂದು ಉಳಿಯುವ ಅಳತೆಯನ್ನು ಮಗುವಿನ ಕಣ್ಣಿನ ಮೇಲೆ ಪ್ರಯೋಗಿಸದೆಯೇ ಹುಡುಕಬಹುದು. ಈ ಉಂಡೆಗಳಲ್ಲಿ ರಕ್ತನಾಳಗಳಿಲ್ಲ, ರೋಗನಿರೋಧಕ ಕೋಶಗಳೂ ಇಲ್ಲ. ಧಮನಿಯ ಮೂಲಕ ಕೊಟ್ಟ ಔಷಧ ಗಡ್ಡೆಯನ್ನು ಎಷ್ಟು ತಲುಪುತ್ತದೆಂದು ಇವು ಹೇಳಲಾರವು.

ಮೊನ್ನೆ ಸಂಜೆ ಮಗನ ಕೃತಕ ಕಣ್ಣನ್ನು ತೊಳೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಿದ್ದ ತಂಗಿ, ಆ ಚೂರು ಇನ್ನೂ ಬದುಕಿರಬಹುದೇ ಎಂದು ಮೊದಲ ಬಾರಿಗೆ ಕೇಳಿದಳು. ಅಂಥ ಕೋಶಗಳನ್ನು ದ್ರವ ಸಾರಜನಕದ ಚಳಿಯಲ್ಲಿ ವರ್ಷಗಟ್ಟಲೆ ಕಾಪಿಟ್ಟು, ಬೇಕೆಂದಾಗ ಮತ್ತೆ ಬೆಳೆಸುತ್ತಾರೆ ಎಂದೆ. ಅವಳು ಆ ಕಾಗದವನ್ನು ತರಲು ಹೇಳಿ, ಕೊನೆಯವರೆಗೂ ಓದಿದಳು.