ಕಾಜು ಕಟ್ಲಿ ಡಬ್ಬದಲ್ಲಿ ಜಪ್ತಿಯಾದ ಆಟಿಕೆಗಳು

ನಮ್ಮ ಮನೆಯಲ್ಲಿ ಖಾಲಿ ಕಾಜು ಕಟ್ಲಿ ಡಬ್ಬವೊಂದಿದೆ. ಮುಚ್ಚಳದ ಮೇಲೆ ಸ್ಕೆಚ್ ಪೆನ್ನಲ್ಲಿ ‘ಜಪ್ತಿ’ ಅಂತ ಬರೆದಿದ್ದೇನೆ. ಒಳಗಿರುವುದು ಬೋಂಡ ಮತ್ತು ಪುಟ್ಟಿಯ ಆಟಿಕೆಗಳು. ನಾನೇ ದುಡ್ಡು ಕೊಟ್ಟು ತಂದು, ನಾನೇ ಕಿತ್ತುಕೊಂಡವು.

ಬೋಂಡ, ಪುಟ್ಟಿ ಇಬ್ಬರೂ ಶುಗರ್ ಗ್ಲೈಡರ್‌ಗಳು. ಒಬ್ಬೊಬ್ಬರೂ 120 ಗ್ರಾಂ ಆಸುಪಾಸು, ಒಂದು ಟೊಮೆಟೊ ತೂಕ. ಮೊದಲ ಸಲ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಶೃಂಗೇರಿಯಿಂದ ಅಮ್ಮ ಕೇಳಿದ್ದು ಒಂದೇ ಮಾತು: “ಇದು ನಮ್ಮ ತೋಟದ ಹಾರುಬೆಕ್ಕಿನ ಮರಿಯಲ್ವೇನೇ? ಇದಕ್ಕೆ ದುಡ್ಡು ಕೊಟ್ಯಾ?”

ಅಮ್ಮನದು ಪೂರ್ತಿ ತಪ್ಪೇನಲ್ಲ. ಮುಂಗೈಯಿಂದ ಹಿಂಗಾಲಿನವರೆಗೆ ಅದೇ ತರಹದ ಚರ್ಮದ ಪೊರೆ, ಅದೇ ತರಹ ಮರದಿಂದ ಮರಕ್ಕೆ ತೇಲುವುದು. ಆದರೆ ಹಾರುಬೆಕ್ಕು ಅಳಿಲಿನ ನೆಂಟ. ಇದು ಕಾಂಗರೂ ಕಡೆಯದು. ಹೊಟ್ಟೆಯಲ್ಲಿ ಮರಿ ಇರುವುದು ಬರೀ 16 ದಿನ. ಅಕ್ಕಿಕಾಳಿನಷ್ಟು ಇರುವಾಗಲೇ ಹುಟ್ಟಿ, ತೆವಳಿಕೊಂಡು ಅಮ್ಮನ ಚೀಲ ಸೇರಿ, ಅಲ್ಲೇ ಸುಮಾರು 70 ದಿನ ಬೆಳೆಯುತ್ತದೆ. ಅಮೆರಿಕದಲ್ಲಿ ಸಾಕುವ ಗ್ಲೈಡರ್‌ಗಳ ಡಿಎನ್‌ಎ ನೋಡಿದವರು ಅವುಗಳ ಮೂಲ ಇಂಡೋನೇಷ್ಯಾದ ನೈಋತ್ಯ ಪಪುವಾದ ಸೊರಾಂಗ್ ಸುತ್ತಮುತ್ತ ಅಂತ ಹೇಳಿದ್ದಾರೆ. ಅಲ್ಲಿನ ಕಾಡಿನದು, ಈಗ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ನನ್ನ ಎರಡು ಬೆಡ್‌ರೂಮಿನ ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇದೆ.

ನನಗೆ ಇವು ಹೊಂದಿಕೊಂಡಿದ್ದಕ್ಕೆ ಕಾರಣ ನನ್ನ ಕೆಲಸ. ಬೆಂಗಳೂರಿನ ಟೀಮ್ ಜೊತೆ ರಾತ್ರಿಯಿಡೀ ಕಾಲ್. ನಾನು ಎದ್ದಿರುವ ಹೊತ್ತಿಗೆ ಅವೂ ಎದ್ದಿರುತ್ತವೆ.

ಎರಡು ವರ್ಷದ ಹಿಂದೆ ಹೀಗೇ ಒಂದು ರಾತ್ರಿ, ಒಂದೂವರೆ ಗಂಟೆ. ಪಂಜರದ ಕಡೆಯಿಂದ ಒಂದು ಸದ್ದು ಬಂತು. ಹೆದರಿದಾಗ ಇವು ಮಾಡುವ ಸದ್ದು ಹೇಗಿರುತ್ತದೆ ಅಂದರೆ, ಹಳೇ ಮಿಕ್ಸಿಗೆ ಒಣಕೊಬ್ಬರಿ ಹಾಕಿ ತಿರುಗಿಸಿದ ಹಾಗೆ. ಇಷ್ಟು ಚಿಕ್ಕ ಮೈಯಿಂದ ಅಂಥ ಸದ್ದು ಬರುತ್ತದೆ ಅಂದರೆ ನಂಬುವುದು ಕಷ್ಟ. ಓಡಿಹೋಗಿ ನೋಡಿದರೆ ಬೋಂಡ ತಲೆಕೆಳಗಾಗಿ ನೇತಾಡುತ್ತಿದ್ದ. ಪಕ್ಕದಲ್ಲಿ ಪುಟ್ಟಿ ನಾಯಿಮರಿ ಹಾಗೆ ಬೊಗಳುತ್ತಿದ್ದಳು.

ಕ್ರೋಶಾದಲ್ಲಿ ಹೆಣೆದ ಒಂದು ಬಣ್ಣದ ಅಣಬೆ. ಆನ್‌ಲೈನ್‌ನಲ್ಲಿ ‘ಗ್ಲೈಡರ್‌ಗೆಂದೇ ಮಾಡಿದ್ದು’ ಅಂತ ಬರೆದಿದ್ದರು. ಅದರ ನೂಲಿನ ಕುಣಿಕೆಗೆ ಅವನ ಹಿಂಗಾಲಿನ ಉಗುರು ಸಿಕ್ಕಿತ್ತು. ಗ್ಲೈಡರ್‌ಗಳ ಹಿಂಗಾಲಿನಲ್ಲಿ ಎರಡನೇ ಮತ್ತು ಮೂರನೇ ಬೆರಳು ಅಂಟಿಕೊಂಡಿರುತ್ತವೆ, ಉಗುರು ಮಾತ್ರ ಎರಡು. ಮೈ ಬಾಚಿಕೊಳ್ಳಲು ಅದೇ ಅವುಗಳ ಬಾಚಣಿಗೆ. ಕೊಕ್ಕೆಯಂಥ ಉಗುರು ಒಳಗೆ ಹೋಗುವುದು ಸುಲಭ, ವಾಪಸ್ ಬರಲ್ಲ. ಗಾಬರಿಯಲ್ಲಿ ಅವನು ಸುತ್ತಿ ಸುತ್ತಿ, ನೂಲು ಬೆರಳಿಗೆ ಬಿಗಿದು, ಬೆರಳು ದಾಳಿಂಬೆ ಕಾಳಿನ ಹಾಗೆ ಕೆಂಪಗೆ ಊದಿತ್ತು.

ಮೊದಲು ಅಣಬೆಯನ್ನೇ ಪಂಜರದಿಂದ ಕತ್ತರಿಸಿ, ಅವನನ್ನೂ ಅದನ್ನೂ ಸೇರಿಸಿ ಬಟ್ಟೆಯಲ್ಲಿ ಸುತ್ತಿದೆ. ಫೋನಿನ ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು, ಉಗುರು ಕತ್ತರಿಸುವ ಪುಟ್ಟ ಕತ್ತರಿಯಲ್ಲಿ ಎಳೆ ಎಳೆಯಾಗಿ ಬಿಡಿಸಿದೆ. ಕೊನೆಯ ಒಂದು ಎಳೆ ಚರ್ಮದೊಳಗೆ ಇಳಿದುಬಿಟ್ಟಿತ್ತು. ನನ್ನ ಹೆಬ್ಬೆರಳಿಗೆ ಎರಡು ಸಲ ಕಚ್ಚಿದ, ಕಚ್ಚಲಿ ಬಿಡಿ. ನಲವತ್ತು ನಿಮಿಷ ಕಾರು ಓಡಿಸಿ, ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರ್ ಹತ್ತಿರ ಹೋದೆ. ಬೆರಳಿನಷ್ಟು ಮುಖಕ್ಕೆ ಮಾಸ್ಕ್ ಹಿಡಿದು ಗ್ಯಾಸ್ ಕೊಟ್ಟು ಮಲಗಿಸಿದರು. ಬೆರಳಿನ ತುದಿ ಉಳಿಯಲಿಲ್ಲ. ಆಮೇಲೆ ಹತ್ತು ದಿನ ಕೊರಳಿಗೆ ಕಾಲರ್, ಯಾಕೆಂದರೆ ಗಾಯವನ್ನು ಇವು ತಾವೇ ಕಡಿದುಕೊಳ್ಳುತ್ತವೆ. ಈಗಲೂ ಬೋಂಡನ ಎಡಕಿವಿಯ ಹಿಂದೆ ಕೂದಲು ಅಂಟಂಟಾಗಿರುತ್ತದೆ. ಆ ಕಾಲು ಅಲ್ಲಿಗೆ ಹೋಗುತ್ತದೆ, ಬಾಚಲಾಗುವುದಿಲ್ಲ. ಮಗುವಿನ ಹಲ್ಲುಜ್ಜುವ ಬ್ರಷ್‌ನಲ್ಲಿ ನಾನು ಬಾಚುತ್ತೇನೆ.

ಜಪ್ತಿ ಡಬ್ಬಕ್ಕೆ ಬಿದ್ದ ಮೊದಲ ಸಾಮಾನು ಆ ಅಣಬೆ.

ಅದಾದ ಮೇಲೆ ನಾನು ಪೊಲೀಸಾದೆ. ಯಾವ ಬಟ್ಟೆ ತಂದರೂ ಮೊದಲು ನನ್ನ ಉಗುರನ್ನು ಅದರ ಮೇಲೆ ಎಳೆಯುತ್ತೇನೆ, ಬೇಕಂತಲೇ ಸ್ವಲ್ಪ ಮುರಿದ ಉಗುರು. ಎಲ್ಲಾದರೂ ತಡೆದರೆ ಡಬ್ಬಕ್ಕೆ. ಫ್ಲೀಸ್ ಪರವಾಗಿಲ್ಲ, ಕತ್ತರಿಸಿದರೂ ಅಂಚಿನಿಂದ ದಾರ ಬಿಚ್ಚಿಕೊಳ್ಳಲ್ಲ. ಆದರೆ ಫ್ಲೀಸ್ ಚೀಲದ ಹೊಲಿಗೆ ಒಳಗಡೆ ಇದ್ದರೆ ಅದನ್ನು ಮಗುಚಿ ನೋಡಬೇಕು. ಅಂಗಡಿಯವರು ತೋರಿಸುವುದು ಹೊರಗಿನ ಅಂದ ಮಾತ್ರ. ಇವು ಮಲಗುವುದು ಒಳಗೆ. ಟರ್ಕಿ ಟವೆಲ್ ಬೇಡವೇ ಬೇಡ, ಅದು ಪೂರ್ತಿ ಕುಣಿಕೆಯದೇ ಬಟ್ಟೆ. ಹತ್ತಿಯ ಹಗ್ಗ ಹೊಸದಿದ್ದಾಗ ಚೆನ್ನಾಗಿಯೇ ಇರುತ್ತದೆ, ತಿಂಗಳಲ್ಲಿ ಗಡ್ಡ ಬಿಡುತ್ತದೆ.

ಡಬ್ಬದಲ್ಲಿ ಒಂದು ಗೆಜ್ಜೆಯೂ ಇದೆ. “ಕತ್ತಲಲ್ಲಿ ಎಲ್ಲಿದೆ ಗೊತ್ತಾಗುತ್ತೆ, ಕಟ್ಟು” ಅಂತ ಅಮ್ಮ ಕಳಿಸಿದ್ದು. ಇಲ್ಲಿ ಮಾರುವ ಎಷ್ಟೋ ಆಟಿಕೆಗಳಿಗೂ ಅಂಥದೇ ಗುಂಡು ಗಂಟೆ ನೇತುಹಾಕಿರುತ್ತಾರೆ. ಗೆಜ್ಜೆಯ ಬಾಯಿಯ ಸೀಳು ನೋಡಿದ್ದೀರಲ್ವಾ? ಗ್ಲೈಡರ್ ಬೆರಳಿಗೆ ಅಳತೆ ತೆಗೆದು ಮಾಡಿದ ಹಾಗಿರುತ್ತದೆ.

ಓಡುವ ಚಕ್ರ ಡಬ್ಬಕ್ಕೆ ಹಿಡಿಸದೆ ಗ್ಯಾರೇಜಿನಲ್ಲಿದೆ. ಹ್ಯಾಮ್‌ಸ್ಟರ್‌ಗೆ ಮಾಡಿದ ಚಕ್ರಕ್ಕೆ ನಡುವೆ ಕಂಬಿ ಇರುತ್ತದೆ. ಹ್ಯಾಮ್‌ಸ್ಟರ್‌ಗೆ ಬಾಲ ಇಲ್ಲ ಅನ್ನಿ. ಇವುಗಳ ಬಾಲ ಮೈಯಷ್ಟೇ ಉದ್ದ. ಓಡುವಾಗ ಕಂಬಿಗೆ ಸುತ್ತಿಕೊಂಡರೆ ಮುಗಿಯಿತು. ಈಗಿರುವುದು ನಡುವೆ ಏನೂ ಇಲ್ಲದ, ತಂತಿ ಜಾಲರಿ ಇಲ್ಲದ, ಅಡಿ ಗಟ್ಟಿಯಿರುವ ದೊಡ್ಡ ಚಕ್ರ.

ಇಷ್ಟೆಲ್ಲ ಇದ್ದರೂ ಮನೆಗೆ ಬಂದವರು “ಎಷ್ಟು ಮುದ್ದಾಗಿದೆ, ನಮ್ಮ ಮಗಳಿಗೂ ಒಂದು ಕೊಡಿಸಬೇಕು” ಅನ್ನುತ್ತಾರೆ. ಆ ‘ಒಂದು’ ಕೇಳಿದರೇ ನನಗೆ ಸಿಟ್ಟು. ಇವು ಗುಂಪಿನ ಪ್ರಾಣಿಗಳು. ಒಂಟಿಯಾಗಿಟ್ಟರೆ ಕೂದಲು ಕಿತ್ತುಕೊಂಡು, ಬಾಲ ಕಚ್ಚಿಕೊಂಡು ಕೊರಗುತ್ತವೆ. ಹತ್ತು ಹನ್ನೆರಡು ವರ್ಷ ಬದುಕುತ್ತವೆ, ಅಷ್ಟರಲ್ಲಿ ನಿಮ್ಮ ಮಗಳು ಕಾಲೇಜಿಗೆ ಹೋಗಿರುತ್ತಾಳೆ. ಗಂಡು ಹೆಣ್ಣು ಜೊತೆಗಿದ್ದರೆ ಗಂಡಿಗೆ ಆಪರೇಷನ್ ಮಾಡಿಸಬೇಕು. ಬೋಂಡನ ನೆತ್ತಿಯಲ್ಲಿದ್ದ, ಗಂಡುಗಳಿಗೆ ಇರುವ ವಾಸನೆ ಗ್ರಂಥಿಯ ಬೋಳು ಕಲೆಗೆ ಕೂದಲು ಬಂದದ್ದೇ ಆಪರೇಷನ್ ಆದಮೇಲೆ. ಸುಮ್ನೆ ಸೇಬು ಹೆಚ್ಚಿ ಕೊಟ್ಟರೆ ಸಾಕು ಅಂತ ಜಾತ್ರೆ ಮಳಿಗೆಗಳಲ್ಲಿ ಹೇಳುವುದನ್ನು ನಾನೇ ಕೇಳಿದ್ದೇನೆ. ಬರೀ ಹಣ್ಣು ತಿಂದ ಗ್ಲೈಡರ್‌ಗೆ ಕ್ಯಾಲ್ಸಿಯಂ ಸಾಲದೆ ಹಿಂಗಾಲು ಬಿದ್ದುಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗಂತೂ ಈ ಯೋಚನೆಯೇ ಬೇಡ, ಅಲ್ಲಿ ಸಾಕುವುದೇ ಕಾನೂನುಬಾಹಿರ. ಹಾಂ, ರಾತ್ರಿ ಇವನ್ನು ಹೊರಗೆ ಬಿಟ್ಟಾಗ ಕಮೋಡ್ ಮುಚ್ಚಳ ಹಾಕಿಡಬೇಕು. ಬಿದ್ದರೆ ನುಣುಪು ಗೋಡೆ ಹತ್ತಲು ಆಗಲ್ಲ.

ಹೋದ ತಿಂಗಳು ಅಮ್ಮ ಬಂದಿದ್ದರು. ಮೊಮ್ಮಕ್ಕಳಿಗೆ ಅಂತ ಚನ್ನಪಟ್ಟಣದ ಗಿಲಕಿ ತಂದಿದ್ದರು, ಮೊಮ್ಮಕ್ಕಳು ಅಂದರೆ ಇವೇ. ಹಾಲೆ ಮರ, ಅರಗು, ಸಸ್ಯಮೂಲದ ಬಣ್ಣ ಆದರೆ ನನಗೇನೂ ಭಯವಿರಲಿಲ್ಲ. ಆದರೆ ಇದು ದಾರಿಬದಿಯಲ್ಲಿ ಕೊಂಡದ್ದು. ಮೂಸಿದರೆ ಪೇಂಟಿನ ವಾಸನೆ, ಕೆರೆದರೆ ಉಗುರಿನ ಸಂದಿಯಲ್ಲಿ ಕೆಂಪು ಸಿಪ್ಪೆ. ಡಬ್ಬಕ್ಕೆ ಹಾಕಲು ಹೋದೆ. ಅಮ್ಮನ ಮುಖ ನೋಡಿ ನನ್ನ ಮೇಜಿನ ಮೇಲಿಟ್ಟುಕೊಂಡೆ. ಬೋರಿಂಗ್ ಕಾಲ್‌ಗಳಲ್ಲಿ ಮ್ಯೂಟ್ ಹಾಕಿ ನಾನೇ ಆಡಿಸುತ್ತೇನೆ.

ಅವರಿಬ್ಬರಿಗೆ ಬೇಕಿರುವುದು ಬೇರೆಯೇ. ಗ್ಯಾಲನ್ ಹಾಲಿನ ಕ್ಯಾನಿನ ನೀಲಿ ಪ್ಲಾಸ್ಟಿಕ್ ಮುಚ್ಚಳ. ಅದರಲ್ಲೊಂದು ಹುಳ ಬಚ್ಚಿಟ್ಟು ಕಾಗದದ ಚೂರುಗಳ ನಡುವೆ ಹುದುಗಿಸಿದರೆ ಅರ್ಧ ಗಂಟೆ ಕಳೆಯುತ್ತದೆ. ಹುಳ ತಿಂದಾದ ಮೇಲೂ ಪುಟ್ಟಿ ಮುಚ್ಚಳ ಬಿಡಲ್ಲ. ಬಾಯಲ್ಲಿ ಕಚ್ಚಿಕೊಂಡು ಮಲಗುವ ಚೀಲಕ್ಕೆ ಒಯ್ಯುತ್ತಾಳೆ. ಈಗ ಅಲ್ಲಿ ಏಳು ಸೇರಿವೆ. ಭಾನುವಾರ ಚೀಲ ಮಗುಚಿ ಎಲ್ಲ ತೆಗೆದು ತೊಳೆದಿಡುತ್ತೇನೆ. ಅವಳು ರಾತ್ರಿಯಿಡೀ ನನ್ನ ಮೇಲೆ ಬೊಗಳುತ್ತಾಳೆ.