ಮೂರು ಎಕ್ಸ್ ಬಿಟ್ಟುಹೋದ ದಿನ

ಅಮೆರಿಕದ ಸೇನಾ ಡಿಪೋ ಒಂದರಲ್ಲಿ ಕಾಗದವೂ ಇಡಿಐಯೂ (ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನಿಗದಿತ ರೂಪದಲ್ಲಿ ಹೋಗುವ ದಾಖಲೆ) ಜೊತೆಜೊತೆಗೇ ನಡೆಯುತ್ತಿದ್ದ ಕಾಲ. ಬೆಳಿಗ್ಗೆ ಲಾರಿ ಹೊರಟ ಕೂಡಲೇ ಅದರ 856 ಸಂಖ್ಯೆಯ ಸಂದೇಶ, ಅಂದರೆ ರವಾನೆಯ ಮುನ್ಸೂಚನೆ, ಬಂದರಿಗೆ ಹೋಯಿತು. ಸ್ವಲ್ಪ ಹೊತ್ತಿಗೆ 997, ಅಂದರೆ ಸಂದೇಶ ತಲುಪಿತೆಂಬ ಮರುತ್ತರ, ವಾಪಸ್ ಬಂತು. ಅದರ ಎಕೆ5 ಎಂಬ ಸಾಲಿನಲ್ಲಿ 'ಎ': ಸ್ವೀಕೃತ. ಮಧ್ಯಾಹ್ನ ಬಂದರಿನಿಂದ ಫೋನ್. ಲಾರಿ ಗೇಟಿಗೆ ಬಂದಿದೆ, ಸರಕಿನ ದಾಖಲೆ ಮಾತ್ರ ಕಂಪ್ಯೂಟರಿನಲ್ಲಿ ಸಿಗುತ್ತಿಲ್ಲ.

ತಪ್ಪಿದ್ದದ್ದು ಟಿಸಿಎನ್‌ನಲ್ಲಿ. ಸಾಗಣೆಯ ಈ ನಿಯಂತ್ರಣ ಸಂಖ್ಯೆಗೆ 17 ಅಕ್ಷರ. ಮೊದಲ 6 ಘಟಕದ ಸಂಕೇತ. ಮುಂದಿನ 4 ದಿನಾಂಕ: ವರ್ಷದ ಕೊನೆಯ ಅಂಕಿ, ಆಮೇಲೆ ಅದು ವರ್ಷದ ಎಷ್ಟನೇ ದಿನವೆಂದು, ಫೆಬ್ರವರಿ 1 ಆದರೆ 032. ಬಳಿಕ 4 ಅಂಕಿಯ ಕ್ರಮಸಂಖ್ಯೆ. ಕೊನೆಯ ಮೂರು ಸಾಮಾನ್ಯವಾಗಿ ಎಕ್ಸ್, ಎಕ್ಸ್, ಎಕ್ಸ್. ಜಾಗ ತುಂಬಲು ಹಾಕಿದ್ದೆಂದುಕೊಂಡು ಮ್ಯಾಪಿಂಗ್ (ಡಿಪೋದ ದಾಖಲೆಯನ್ನು ಇಡಿಐ ರೂಪಕ್ಕೆ ಇಳಿಸುವ ನಿಯಮಗಳು) ಬರೆದವರು ಅವನ್ನು ಕಿತ್ತುಹಾಕಿದ್ದರು. ಆದರೆ 16ನೇ ಸ್ಥಾನದ ಎಕ್ಸ್ ಹೇಳುವುದು 'ಸರಕು ಕಂತಿನಲ್ಲಿ ಬರುತ್ತಿಲ್ಲ' ಎಂದು. ಅದಿಲ್ಲದ 14 ಅಕ್ಷರ ಬಂದರಿನ ಯಾವ ದಾಖಲೆಗೂ ಹೊಂದುವುದಿಲ್ಲ.

ಹಾಗಿದ್ದರೆ 997 ಏಕೆ ಒಪ್ಪಿತು? ಅದು ನೋಡುವುದು ಸಂದೇಶದ ವ್ಯಾಕರಣವನ್ನಷ್ಟೇ. ಆರ್‌ಇಎಫ್ ಸಾಲಿನಲ್ಲಿ ಆ ಸಂಖ್ಯೆ ಕೂರುವ ಅಂಶಕ್ಕೆ ಆಗಿನ ಆವೃತ್ತಿಯಲ್ಲಿ 30 ಅಕ್ಷರದವರೆಗೆ ಜಾಗವಿತ್ತು. 14 ಇದ್ದರೂ ಸರಿ, 17 ಇದ್ದರೂ ಸರಿ. ಒಳಗಿನ ಹುರುಳು ತಪ್ಪೆಂದು ಹೇಳಬೇಕಾದದ್ದು 824 ಎಂಬ ಇನ್ನೊಂದು ಸಂದೇಶ. ಅದನ್ನು ಕಳಿಸುವಂತೆ ಬಂದರಿನವರೊಂದಿಗೆ ಮೊದಲೇ ಮಾತಾಡಿಕೊಂಡಿರಲಿಲ್ಲ. ಕಾಗದದಲ್ಲಾಗಿದ್ದರೆ ಗೇಟಿನ ಗುಮಾಸ್ತ ಪೆನ್ನಿನಿಂದ ತಿದ್ದಿ ಒಳಗೆ ಬಿಡುತ್ತಿದ್ದ. ಇಡಿಐಗೆ ಬರುವವರು ಮರೆಯುವುದು ಆ ಗುಮಾಸ್ತನ ತಿಳಿವಳಿಕೆಯನ್ನೇ.

1990–91ರ ಕೊಲ್ಲಿ ಯುದ್ಧಕ್ಕೆ ಸುಮಾರು 40,000 ಕಂಟೇನರ್ ಹೋದವು. ಒಳಗೇನಿದೆಯೆಂದು ತಿಳಿಯದೆ ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತೆರೆದು ನೋಡಬೇಕಾಯಿತು. ಸರಕಿಗೂ ಮಾಹಿತಿಗೂ ನಂಟು ಕಡಿದರೆ ಆಗುವುದು ಅದೇ.

ಅಂದು ತಿದ್ದಿದ 856 ಕಳಿಸುವಾಗ ಅದರ ಆರಂಭದ ಬಿಎಸ್‌ಎನ್ ಸಾಲಿನ ಮೊದಲ ಅಂಶವನ್ನು 00ರಿಂದ 05ಕ್ಕೆ ಬದಲಿಸಿ, ರವಾನೆ ಸಂಖ್ಯೆಯನ್ನು ಹಳೆಯದೇ ಇಟ್ಟೆವು. 05 ಎಂದರೆ 'ಹಿಂದಿನದನ್ನು ತೆಗೆದು ಇದನ್ನಿಡು'. ಮತ್ತೆ 00, ಅಂದರೆ 'ಹೊಸದು', ಎಂದೇ ಕಳಿಸಿದ್ದರೆ ಒಂದೇ ಲಾರಿಗೆ ಎರಡು ದಾಖಲೆ ಹುಟ್ಟುತ್ತಿತ್ತು. ಸಂಜೆಯೊಳಗೆ ಮ್ಯಾಪಿಂಗ್‌ನಲ್ಲಿ ತಪಾಸಣೆಯೊಂದನ್ನು ಸೇರಿಸಿದ್ದಾಯಿತು: ಟಿಸಿಎನ್ ಸರಿಯಾಗಿ 17 ಅಕ್ಷರ ಇಲ್ಲದಿದ್ದರೆ ಸಂದೇಶ ಡಿಪೋ ಬಿಡಕೂಡದು. ಬಂದರಿನವರು 824 ಕಳಿಸಲು ಒಪ್ಪಿದರು. ಅದು ಸರಿಯಾಗಿ ಬರತೊಡಗುವವರೆಗೆ ಚಾಲಕನ ಕೈಯಲ್ಲಿ ಕಾಗದದ ಪ್ರತಿ ಇರಲೇಬೇಕೆಂದು ನಿಶ್ಚಯವಾಯಿತು.